ಉಪದೇಶಿ ಇನ್ನಾಸಪ್ಪ ವಾದ ಗೆದ್ದದ್ದು

ಸಂಡೂರಿನ ಕಥೋಲಿಕರ ಸಣ್ಣ ಚರ್ಚಿಗೆ ಇನ್ನಾಸಪ್ಪ ಉಪದೇಶಿ. ಭಾನುವಾರ ಹೊಸಪೇಟೆಯಿಂದ ಫಾದರ್ ಬಂದು ಪೂಜೆ ಮಾಡಿ ಹೋದರೆ ಆಯಿತು, ಉಳಿದ ದಿನ ಜಪಸರ ಹೇಳಿಸೋದು, ಮಕ್ಕಳಿಗೆ ಧರ್ಮಪಾಠ ಕಲಿಸೋದು, ಸಾವಿನ ಮನೆಗೆ ಹೋಗೋದು ಎಲ್ಲಾ ಇವನ ತಲೆಗೇ. ಅಂಥವನ ಮಗ ಚೌರಿ ಅದಿರಿನ ಲಾರಿಯನ್ನು ಕುಡಿದು ಓಡಿಸಿ, ತೋರಣಗಲ್ಲು ರಸ್ತೆಯಲ್ಲಿ ಸತ್ತ. ಇನ್ನಾಸಪ್ಪನಿಗೆ ಅಳುವೇ ಬರಲಿಲ್ಲ. ಯಾರದೋ ಮನೆಯ ಹೆಣ ಅನ್ನೋ ಹಾಗೆ ತಾನೇ ನಿಂತು ಪ್ರಾರ್ಥನೆ ಹೇಳಿಕೊಟ್ಟ.

ಹೆಂಡತಿ ಬಾಲಮ್ಮ ಅನ್ನ ನೀರು ಬಿಟ್ಟಳು. ಆಕೆಗೆ ಸಮಾಧಾನ ಹೇಳಿದವನು ತಗಡಿನ ಶೆಡ್ಡಿನಲ್ಲಿ ಪ್ರೊಟೆಸ್ಟಂಟರ ಸಭೆ ನಡೆಸುವ ಪಾಸ್ಟರ್ ಗಾಳೆಪ್ಪ. ಚೌರಿ ಯೇಸಪ್ಪನ ಹತ್ತಿರ ಸುಖವಾಗಿದ್ದಾನೆ ಅಂದ. ಅವತ್ತು ಆಕೆ ಎರಡು ತುತ್ತು ಉಂಡಳು. ಆದರೆ ಸತ್ತ ತಿಂಗಳಿಗೆ ಅವನ ಆತ್ಮಕ್ಕಾಗಿ ಮಾಡಿಸೋ ಪೂಜೆಗೆ ಮಾತ್ರ ಬರಲೊಲ್ಲಳು, ಯೇಸಪ್ಪನ ಹತ್ತಿರ ಮುಟ್ಟಿದವನಿಗೆ ಇನ್ನೇನು ಪೂಜೆ ಅಂತ. ಪರಲೋಕಕ್ಕೆ ಮುಂಚೆ ಪಾಪ ಸುಟ್ಟು ಶುದ್ಧವಾಗೋ ನಡುವಿನ ಜಾಗ ಒಂದಿದೆ, ಅಲ್ಲಿರೋರಿಗೆ ಬದುಕಿದವರ ಪ್ರಾರ್ಥನೆ ನೆರವಾಗುತ್ತೆ ಅನ್ನೋದು ಇನ್ನಾಸಪ್ಪ ಕಲಿಸೋ ಪಾಠ. ಫಾದರ್ ಮುಂದೆ ಪಾಪನಿವೇದನೆ ಮಾಡಿಕೊಳ್ಳದೆ ಹೋದ ಹುಡುಗ, ಅವನಿಗೆ ಇರೋದು ಅದೊಂದೇ ಆಸರೆ. ಹೆತ್ತವಳೇ ಮೊಣಕಾಲೂರದಿದ್ದರೆ ಹೇಗೆ?

ಇನ್ನಾಸಪ್ಪ ಪಾಸ್ಟರನ್ನು ಮನೆಗೇ ಕರೆಸಿದ. ಸತ್ತವರಿಗೆ ಪ್ರಾರ್ಥನೆ ಮಾಡಿರಿ ಅಂತ ಬೈಬಲ್ಲಿನಲ್ಲಿ ಎಲ್ಲಿದೆ ತೋರಿಸ್ರಿ ಅಂದ ಗಾಳೆಪ್ಪ. ಮಕ್ಕಬಿಯರ ಗ್ರಂಥದಲ್ಲಿ ಅಂದ ಇನ್ನಾಸಪ್ಪ. ಗಾಳೆಪ್ಪನ ಬೈಬಲ್ಲಿನಲ್ಲಿ ಆ ಪುಸ್ತಕವೇ ಇಲ್ಲ! ಯಾವ ಪುಸ್ತಕ ಇರಬೇಕು ಅಂತ ತೀರ್ಮಾನ ಮಾಡಿದ್ದೇ ಧರ್ಮಸಭೆ, ಬರೆಯೋಕೆ ಮೊದಲು ಯೇಸುವಿನ ಶಿಷ್ಯರಾದ ಪ್ರೇಷಿತರು ಬಾಯಲ್ಲೇ ಕಲಿಸಿದರಲ್ಲ, ಆ ಪರಂಪರೆಯೂ ದೇವರದೇ ಅಂತ ಇವನು. ಮನುಷ್ಯರ ಸಂಪ್ರದಾಯ ಹಿಡಿದು ದೇವರ ವಾಕ್ಯ ಬಿಟ್ಟವರನ್ನು ಯೇಸುವೇ ಬೈದಿಲ್ಲವೇ ಅಂತ ಅವನು. ಚಹಾ ಆರಿ ಕೆನೆಗಟ್ಟಿತು. ಇನ್ನಾಸಪ್ಪನ ಬಾಯಿ ತನ್ನಷ್ಟಕ್ಕೆ ತಾನು ಮಾತಾಡುತ್ತಿತ್ತು, ಮನಸ್ಸು ಎಲ್ಲಿತ್ತೋ ಏನೋ.

"ಆತು, ನಿಮ್ಮ ಪುಸ್ತಕದಾಗ ಸತ್ತವರಿಗೆ ಎಷ್ಟು ಜಾಗ ಅದಾವ್ರಿ?" ಅಂದ.

"ಎರಡ. ಪರಲೋಕ, ನರಕ."

"ನಡುವ ಏನೂ ಇಲ್ಲ?"

"ಇಲ್ರಿ."

"ಹಂಗಾದ್ರ ಕುಡದು, ಪಶ್ಚಾತ್ತಾಪ ಇಲ್ಲದ ಸತ್ತಾವ ಎಲ್ಲಿಗೆ ಹೋಗ್ತಾನ?"

ಗಾಳೆಪ್ಪ ಕೆಟ್ಟವನಲ್ಲ, ಸುಳ್ಳು ಹೇಳಿ ರೂಢಿಯಿಲ್ಲ. ಕುಡುಕರಿಗೆ ನರಕವೇ ಗತಿ ಅಂತ ಶೆಡ್ಡಿನಲ್ಲಿ ಅವನೇ ಎಷ್ಟು ಸಲ ಕೂಗಿ ಹೇಳಿದ್ದನೋ. ಬಾಗಿಲಲ್ಲಿ ನಿಂತಿದ್ದ ಬಾಲಮ್ಮನ ಕಡೆ ನೋಡಿ ತಲೆ ತಗ್ಗಿಸಿದ. ದೇವರು ದೊಡ್ಡವನು ಅಂತ ಗೊಣಗಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಇನ್ನಾಸಪ್ಪ ಗೆದ್ದಿದ್ದ. ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಬಾಲಮ್ಮ ಲೋಟ ಎತ್ತಿಕೊಂಡು, ಫಾದರಿಗೆ ಹೇಳಿಬಿಡಿ, ಪೂಜೆಗೆ ತಾನೂ ಬರ್ತೀನಿ ಅಂದಳು. ಒಳಗೆ ಹೋಗುತ್ತಾ ಹೊಸ್ತಿಲ ಹತ್ತಿರ ನಿಂತಳು.

"ನೀವು ಹೇಳ್ತೀರಲ್ರಿ, ಆ ನಡುವಿನ ಜಾಗ," ಅಂದಳು. "ಅಲ್ಲಿ ಭಾಳ ಉರಿ ಇರ್ತೈತೇನ್ರಿ?"

ಅದಕ್ಕೂ ಇನ್ನಾಸಪ್ಪನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ.