ಮಂಜಿಯ ಹೊಟ್ಟೆಯೊಳಗೆ

ಆಗೆಲ್ಲ ಅಜ್ಜಂಪುರದ ನಮಗೆ ಮಂಜಿ ಅಂದರೆ ಒಬ್ಬಳೇ, ಏಳನೇ ಕ್ಲಾಸಿನ ಮಂಜುಳ. ಹಾಗಾಗಿ ಹೆಡ್‌ಮೇಷ್ಟ್ರು, "ಟ್ರಿಪ್ಪಲ್ಲಿ ಮಂಗಳೂರ ಹತ್ರ ರಿಪೇರಿ ಮಾಡಿಟ್ಟಿರೋ ಹಳೇ ಮಂಜಿ ನೋಡ್ತೀವಿ" ಅಂದಾಗ ಇಡೀ ಕ್ಲಾಸು ಅವಳ ಕಡೆ ತಿರುಗಿತು. ನಾನು ಬಿಡ್ತೀನಾ? ಮೇಷ್ಟ್ರ ದನಿಯಲ್ಲೇ, "ರಿಪೇರಿ ಆಗಿದೆ, ನೋಡ್ಕೊಳ್ರೀ" ಅಂದೆ. ಜಾಮಿಟ್ರಿ ಬಾಕ್ಸಲ್ಲಿ ಬಾರಿಸಿದಳು. ನನ್ನ ಹೆಸರೇ ರೇಡಿಯೋ. ಊರಲ್ಲಿ ಎಲ್ಲರ ದನಿಯೂ ನನ್ನ ಬಾಯಲ್ಲಿ ಬರುತ್ತಿತ್ತು, ನನ್ನದೊಂದು ಬಿಟ್ಟು.

ಹೋಗಿ ನೋಡಿದರೆ ಮಂಜಿ ಅಂದರೆ ಹಾಯಿಹಡಗು, ದಡಕ್ಕೆ ಕಟ್ಟಿ ನೀರಲ್ಲೇ ನಿಲ್ಲಿಸಿದ್ದರು. ಹಿಂದೆ ಅದನ್ನು ನಡೆಸುತ್ತಿದ್ದ ಮುದುಕರೊಬ್ಬರು ಅಲ್ಲಿದ್ದರು, ಎಲ್ಲರೂ ಅವರನ್ನು ತಂಡೇಲರು ಅನ್ನುತ್ತಿದ್ದರು. ಅವರೇ ನಮಗೆ ಹೇಳಿದರು.

"ಹಂಚು ತುಂಬಿಸಿ ಹೋಗುವುದು, ಖರ್ಜೂರ ತುಂಬಿಸಿ ಬರುವುದು. ಮರಳಿನ ಪೆಟ್ಟಿಗೆಯ ಮೇಲೆ ಒಲೆ. ಗಂಜಿ, ಒಣಮೀನು. ಕುಡಿಯುವ ನೀರು ಅಳೆದು ಒಂದು ಚೊಂಬು. ಸ್ನಾನ ಎಂತದು ಮಾರಾಯ್ರೆ, ಸುತ್ತ ಸಮುದ್ರವೇ ಅಲ್ವಾ."

ಆ 'ಮಾರಾಯ್ರೆ' ಬಾಯಲ್ಲಿ ಕೂತ ಮೇಲೆ ಮಂಜಿಯನ್ನು, ಅಂದರೆ ಹುಡುಗಿಯನ್ನು, ಹೆದರಿಸೋಣ ಅಂತ ಹಂಚು ತುಂಬುತ್ತಿದ್ದ ಜಾಗಕ್ಕೆ ಇಳಿದು ಅಡಗಿದೆ. ಮೇಲೆ ಮಕ್ಕಳೆಲ್ಲ ಹಾಯಿಹಗ್ಗ ಎಳೆಯಬೇಕಿತ್ತು. ಯಾರೂ ಬೀಳದಿರಲಿ ಅಂತ ತಂಡೇಲರು ಅದರ ಬಾಯಿಗೆ ಹಲಗೆ ಮುಚ್ಚಿ ಬಿಗಿದುಬಿಟ್ಟರು.

ಕತ್ತಲು. ಮರಕ್ಕೆ ಬಳಿದ ಮೀನೆಣ್ಣೆಯ ವಾಸನೆ. ಪಕ್ಕದ ಹಲಗೆಯಾಚೆ ನೀರು ಚಪ್ ಚಪ್ ಅನ್ನುತ್ತಿತ್ತು. ಹಡಗು ವಾಲಿತು. ಹೊರಟೇಬಿಟ್ಟಿತು, ಇನ್ನು ನಾನು ಇಳಿಯೋದು ಖರ್ಜೂರದ ದೇಶದಲ್ಲೇ ಅಂದುಕೊಂಡೆ.

ಭಯಕ್ಕೆ ಬಾಯಿಗೆ ಬಂದದ್ದು ಮೇಷ್ಟ್ರ ದನಿ. "ತೆಗೀರ್ರೀ ಹಲಗೆ."

"ರೇಡಿಯೋ ಆನ್ ಆಯ್ತು ಕಣ್ರೋ," ಯಾರೋ ನಕ್ಕರು.

ತಂಡೇಲರ ದನಿಯಲ್ಲಿ ಕೂಗಿದೆ. "ನಾನು ಒಳಗುಂಟು ಮಾರಾಯ್ರೆ." ಇನ್ನೂ ನಗು. "ಸುಮ್ನಿರ್ರೋ, ಎಲ್ಲೋ ಅಡಗಿ ಆಟ ಆಡ್ತವ್ನೆ, ತಾನೇ ಬತ್ತಾನೆ." ಹೆಜ್ಜೆಗಳು ಒಂದೊಂದಾಗಿ ದಡದ ಕಡೆ ಇಳಿದುಹೋದವು. ಬಸ್ಸು ಹಾರ್ನ್ ಹೊಡೆಯಿತು.

ಆಗ ಎಲ್ಲಿಂದಲೋ "ಅವ್ವಾ" ಅಂತ ಬಂತು, ನಮ್ಮ ಕಡೆ ದನ ಮೇಯೋ ಎಮ್ಮೆದೊಡ್ಡಿ ಕಾವಲಲ್ಲಿ ತಾಯಿ ತಪ್ಪಿದ ಕರುವಿನ ಹಾಗೆ, ಮೂಗಿನಲ್ಲಿ. ನನಗೇ ಗುರುತು ಸಿಗಲಿಲ್ಲ.

ಮೇಲೆ ಒಂದು ಜೊತೆ ಹೆಜ್ಜೆ ನಿಂತಿತು. "ಸಾರ್, ಇದು ಮಿಮಿಕ್ರಿ ಅಲ್ಲ ಸಾರ್. ಇದು ಅವಂದೇ ದನಿ." ಮಂಜಿ.

ಹಲಗೆ ತೆಗೆದ ತಂಡೇಲರು ಬೈಯಲಿಲ್ಲ. "ಮೊದಲ ಸಲ ಕಡಲಿಗೆ ಬಂದ ಆಳುಗಳೂ ಇಲ್ಲೇ ಇಳಿದು ಅಳುತ್ತಿದ್ದದ್ದು ಮಗಾ. ನಾನೂ," ಅಂದರು.

ಕಡೂರು ಬರೋವರೆಗೂ ಬಸ್ಸಿನಲ್ಲಿ ಮಂಜಿಯದೇ ಕಾರ್ಯಕ್ರಮ, "ಅವ್ವಾ, ಅವ್ವಾ". ಎಷ್ಟು ಚೆನ್ನಾಗಿ ಮಾಡಿದಳೆಂದರೆ ನನಗೇ ಹೊಟ್ಟೆಕಿಚ್ಚು.

ಮುಂದಿನ ವರ್ಷ ನನ್ನ ದನಿ ಒಡೆಯಿತು. ಎಷ್ಟೋ ವರ್ಷದ ಮೇಲೆ ಮೊನ್ನೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಮಂಜಿ ಸಿಕ್ಕಾಗ ತಂಡೇಲರ ದನಿ ಮಾಡಿದೆ, ಮೇಷ್ಟ್ರದೂ ಮಾಡಿದೆ, ನಕ್ಕಳು. "ನಂದು ಒಂದ್ಸಲ ಮಾಡೇ, ಆವತ್ತಿನ 'ಅವ್ವಾ'," ಅಂದೆ. ಎರಡು ಸಲ ಪ್ರಯತ್ನಿಸಿದಳು. ಬಂದದ್ದು ಅವಳದೇ ದನಿ.

"ಹೋಯ್ತು ಕಣೋ," ಅಂದಳು.