ಬದು ದಾಟಿದ ಚರಗ

ನನ್ನ ಬಾಯಿಗೆ ಬೀಗವಿಲ್ಲ ಎಂಬುದು ತವರೂರು ನವಲಗುಂದದಲ್ಲಿ ನಮ್ಮ ಓಣಿಗೆಲ್ಲ ಗೊತ್ತಿತ್ತು. ಮದುವೆಗೆ ಮುಂಚೆ ಅವ್ವ ಕೈಮುಗಿದು, "ಒಂದು ವರ್ಷರ ಬಾಯಿ ಮುಚ್ಚಿಕೊಂಡಿರು ನನ್ನವ್ವ" ಎಂದಿದ್ದಳು. ಆರು ತಿಂಗಳು ಕೂಡ ಆಗಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಯರಗುಪ್ಪಿಯ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವು.

ನಾವು ಉಣ್ಣುವ ಮೊದಲು ಭೂಮಿತಾಯಿಗೆ ಉಣಿಸಬೇಕು. ಕಡಬು, ಸಜ್ಜೆರೊಟ್ಟಿ, ಪಲ್ಯ, ಅನ್ನ ಎಲ್ಲ ಮುರಿದು ಕಲಸಿದ ಬುಟ್ಟಿ ಹಿಡಿದು ಮನೆಯ ಯಜಮಾನರು ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಾರೆ. ಇದನ್ನು ಚರಗ ಚೆಲ್ಲುವುದು ಎನ್ನುತ್ತೇವೆ. ಆ ವರ್ಷ ತಂಬಿಗೆ ಹೊಸ ಸೊಸೆಯ ಕೈಗೆ ಬಂತು. ಬಿಳಿಜೋಳ ಎದೆಮಟ್ಟ ಬೆಳೆದಿತ್ತು. ಮಾವನವರು ಮುಂದೆ, ನಾನು ಹಿಂದೆ. ಬದುವಿನ ಬನ್ನಿಗಿಡದ ಹತ್ತಿರ ಬಂದಾಗ ಅವರು ನಿಂತರು. ಬುಟ್ಟಿಯಿಂದ ಒಂದು ಇಡೀ ಕಡಬು ತೆಗೆದು ಬದುವಿನಾಚೆ, ಬಾಜು ಹೊಲದವರ ಜೋಳದೊಳಗೆ ಒಗೆದರು.

ನಾನು ಸುಮ್ಮನಿರಬೇಕಿತ್ತು. ಮಾವನ ಎದುರು ಸೊಸೆ ದನಿ ಎತ್ತುವ ಪದ್ಧತಿಯೇ ಇರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಆ ಹೊಲದವರಿಗೂ ನಮಗೂ ಬದುವಿನ ಜಗಳ, ಮಾತುಕತೆ ಇಲ್ಲ ಎನ್ನುವುದು ಬಂದ ವಾರವೇ ನನ್ನ ಕಿವಿಗೆ ಬಿದ್ದಿತ್ತಲ್ಲ! "ಮಾವಾರ, ಅದು ನಮ್ಮ ಹೊಲ ಅಲ್ರಿ! ನಮ್ಮ ಕಡಬು ಆ ಮಂದಿಗ್ಯಾಕ್ರಿ?" ಎಂದೆ, ದೂರದ ಬೇವಿನ ಗಿಡದ ಕೆಳಗೆ ಕೂತವರಿಗೆಲ್ಲ ಕೇಳುವಂತೆ.

ಮಾವನವರ ಕೈ ಬುಟ್ಟಿಯಲ್ಲೇ ನಿಂತಿತು. ಮುಖ ಬಣ್ಣಗೆಟ್ಟಿತು. ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ, "ಹಕ್ಕಿಗೆ ಬದು ಗೊತ್ತಿರತೈತೇನಬೇ ಹುಚ್ಚಿ? ಎಲ್ಲಿ ಬಿದ್ರೂ ತಿಂತಾವು. ನೀ ನೀರು ಹಾಕ" ಎಂದು ಗದರಿದರು. ಎಲ್ಲರೂ ನಕ್ಕರು. ಮಾವನವರು ಮುಂದೆ ನಡೆದರು.

ಊಟವಾದ ಮೇಲೆ ಗಂಡಸರು ನೆರಳಲ್ಲಿ ಅಡ್ಡಾದರು. ಅತ್ತೆ ಪಾತ್ರೆ ತಿಕ್ಕುವ ನೆಪದಲ್ಲಿ ನನ್ನನ್ನು ಹಳ್ಳದ ದಂಡೆಗೆ ಕರೆದೊಯ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ.

"ಆ ಬನ್ನಿಗಿಡದಾಚೆ ಒಂದು ಹುಡುಗಿ ಮಣ್ಣಾಗ್ಯಾಳ," ಎಂದರು. "ಆ ಮನಿ ಮಗಳು. ಅಕಿಗೂ ನಿಮ್ಮ ಮಾವಾರಿಗೂ ಮನಸ ಕೂಡಿತ್ತು. ಹಿರ್ಯಾರು ಬದುವಿನ ಸಲುವಾಗಿ ಬಡಿದಾಡೂವಾಗ ಇವರನ್ನ ಕೇಳೋರು ಯಾರು? ಆ ಮಳಿಗಾಲದಾಗ ಜ್ವರ ಬಂದು ಹೋಗಿಬಿಟ್ಲು. ಮರುವರ್ಷ ನಾ ಬಂದೆ."

ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಹೂಳುತ್ತಾರೆ. ಮೂವತ್ತು ವರ್ಷ ನೇಗಿಲು ಆಡಿ ಅಲ್ಲಿಯ ಮಣ್ಣು ಸಮವಾಗಿತ್ತು. ನನಗೆ ಕಂಡದ್ದು ಬರೀ ಜೋಳ.

"ಮಾವಾರು ನಿಮಗ ಹೇಳಿದ್ರೇನ್ರಿ?"

"ಅವರ್ಯಾಕ ಹೇಳ್ತಾರ? ಬಾವಿಕಟ್ಟಿ ಮ್ಯಾಲೆ ಯಾರೋ ಹೇಳಿದ್ರು. ನನಗ ಗೊತ್ತೈತಿ ಅನ್ನೂದು ಅವರಿಗೆ ಗೊತ್ತಿಲ್ಲ. ಮೊದಲ ಅಗದಿ ಸಿಟ್ಟು ಬಂದಿತ್ತು ನೋಡು. ಸತ್ತಾಕಿ ಮ್ಯಾಲೆ ಎಷ್ಟು ದಿನ ಅಂತ ಸಿಟ್ಟು ಮಾಡೂದು? ಈಗ ಚರಗ ಕಲಸೂವಾಗ ಒಂದು ಇಡೀ ಕಡಬು ಮುರಿಯದಂಗ ಮ್ಯಾಲೆ ಇಡತೇನಿ."

"ಗೊತ್ತೈತಿ ಅಂತ ಅವರಿಗೆ ಹೇಳಬಾರದೇನ್ರಿ?"

"ಹೇಳಿದ್ರ ನಾಚಿ ಒಗಿಯೂದು ಬಿಡ್ತಾರ" ಎಂದರು ಅತ್ತೆ.

ನನಗೆ ಅಳು ಬಂತು. ನಿಜ ಹೇಳಬೇಕೆಂದರೆ, ಅತ್ತಿದ್ದು ನನ್ನ ಸಲುವಾಗಿ. ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಓದುವಾಗ ಒಬ್ಬನನ್ನು ಮೆಚ್ಚಿದ್ದೆ. ಅವನು ಮನೆಗೆ ಬಂದು ಕೇಳಿದ. ಅಪ್ಪ ಚಹಾ ಕುಡಿಸಿ, ಆಗದು ಎಂದು ಕಳಿಸಿದರು. ಅವನ ಪತ್ರಗಳನ್ನು ನಾನೇ ನೀರೊಲೆಗೆ ಹಾಕಿದೆ. ಮದುವೆಯ ಹೊಸದರಲ್ಲಿ ನನ್ನ ಗಂಡ ತಮಾಷೆಗೆ, "ಧಾರವಾಡದಾಗ ಯಾರರ ಇದ್ರೇನು?" ಎಂದು ಕೇಳಿದಾಗ, ಇಷ್ಟು ದೊಡ್ಡ ಬಾಯಿಯ ನಾನು "ಯಾರೂ ಇಲ್ರಿ" ಎಂದಿದ್ದೆ. ಒಳ್ಳೆಯ ಮನುಷ್ಯ, ನಂಬಿದರು. ಅವರು ಪ್ರೀತಿ ತೋರಿಸಿದಷ್ಟೂ ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಹೇಳಿದರೆ ಕಳೆದುಕೊಳ್ಳುತ್ತೇನೆ ಎಂಬ ಭಯ.

ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಲೇ ಕೇಳಿದರು.

"ನಾ ಸುಮ್ಮನಿದ್ದೇನಿ ಅಂತ ನೀನೂ ಸುಮ್ಮನಿರಬ್ಯಾಡ. ನಂದು ಗೊತ್ತಿದ್ದು ಸುಮ್ಮನಿರೂದು, ನಿಂದು ಮುಚ್ಚಿಟ್ಟು ಸುಮ್ಮನಿರೂದು. ಅವರ ಬಾಯಿಂದ ಒಮ್ಮಿ ಕೇಳಬೇಕಂತ ಮೂವತ್ತು ವರ್ಷ ದಾರಿ ನೋಡೇನಿ. ನನ್ನ ಮಗಗ ಬಾವಿಕಟ್ಟಿ ಮಂದಿ ಹೇಳೂದು ಬ್ಯಾಡವಾ."

ನಮ್ಮವರು ಸಂಶಿಯಲ್ಲಿ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮರುದಿನ ಮುಂಜಾನೆ ಹೊರಟವರನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿದೆ. ಸೈಕಲ್ ಹಿಡಿದುಕೊಂಡೇ ಪೂರ್ತಿ ಕೇಳಿದರು. ಹಾಗೇ ಹತ್ತಿ ಹೋದರು.

ಮೂರು ದಿನ ಮಾತಿಲ್ಲ. ಕಟ್ಟಿಟ್ಟ ಬುತ್ತಿ ಬಿಟ್ಟು ಹೋಗುತ್ತಿದ್ದರು, ಮನೆಗೆ ಬಂದರೆ ಹಸಿವಿಲ್ಲ ಎನ್ನುತ್ತಿದ್ದರು. ತವರಿಗೆ ಹೋಗು ಎಂದರೆ ತಡವಾಗಬಾರದೆಂದು ಟ್ರಂಕಿನಲ್ಲಿ ನಾಲ್ಕು ಸೀರೆ ಮಡಿಚಿಟ್ಟುಕೊಂಡೆ. ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು, ಅವರ ಮೇಲಷ್ಟು, ನನ್ನ ಮೇಲಷ್ಟು.

ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಬಂದು ಒಲೆಯ ಮುಂದೆ ಕೂತರು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಂವ ನಿನ್ನ ಕೈಯಾನ ರೊಟ್ಟಿ ತಿಂದಾನೇನು?" ಎಂದರು.

"ಇಲ್ರಿ."

"ಒಮ್ಮಿನೂ?"

"ಒಮ್ಮಿನೂ ಇಲ್ಲ. ಹಾಸ್ಟೆಲಿನ್ಯಾಗ ನಾ ಎಲ್ಲಿ ರೊಟ್ಟಿ ಬಡೀಲ್ರಿ?"

ಅವರು ಗೋಡೆಗೆ ಆನಿಸಿದ್ದ ಉಣ್ಣುವ ಗಂಗಾಳವನ್ನು ತಾವೇ ಎಳೆದುಕೊಂಡು ನನ್ನ ಮುಂದೆ ಹಿಡಿದರು.

"ಹಂಗಾದ್ರ ಹಾಕ. ಮೂರು ದಿನ ಆತು, ಹಸದೇನಿ."