ತೆಲಿಗಿಯಲ್ಲಿ ಇಳಿಸಿದ ಲೋಡು

ಕೊಟ್ಟೂರಿಗೆ ಬಂದ ಮೊದಲ ವಾರವೇ ನನ್ನ ಕಾರಿನಲ್ಲಿ ನಾನೇ ಜಾಗ ಕೇಳಿ ಕೂರುವ ಹಾಗಾಯಿತು. ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮೂವರು ಕೂತಿದ್ದರು. ಅವರ ಕಾಲಬಳಿ ಈರುಳ್ಳಿ ಚೀಲ. ಮುಂದೆ, ನನ್ನ ಪಕ್ಕದ ಸೀಟಿನಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಕಿಟಕಿಯ ಗಾಜು ಇಳಿಸುವುದು ಹೇಗೆಂದು ನೋಡುತ್ತಿದ್ದರು. ನಾನು ಬಾಗಿಲು ತೆಗೆದು ಬೆಪ್ಪಾಗಿ ನಿಂತರೆ ಅವರು ಕೇಳಿದರು, "ಕೂಡ್ಲಿಗಿಗೆ ಎಷ್ಟೊತ್ತಿಗೆ ಬಿಡ್ತೀರಿ?"

"ಇದು ಸರ್ವಿಸ್ ಗಾಡಿ ಅಲ್ಲ ಯಜಮಾನರೇ, ನನ್ನ ಸ್ವಂತ ಕಾರು" ಎಂದೆ.

"ಹೌದೇನ್ರಿ? ಹಂಗಾರ ಇನ್ನೂ ಚಲೋ ಆತು. ನೀವು ಯಾವ ಕಡಿಗೆ ಹೊಂಟೀರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಾನೂ ಕೂಡ್ಲಿಗಿಗೇ ಹೊರಟಿದ್ದೆ. ದಾರಿಯುದ್ದಕ್ಕೂ ಅವರು ನನ್ನ ಜಾತಕವನ್ನೆಲ್ಲ ಕೇಳಿ ತಿಳಿದುಕೊಂಡರು. ಇಳಿಯುವಾಗ ಚೀಲದಿಂದ ಒಂದಷ್ಟು ಈರುಳ್ಳಿ ತೆಗೆದು ಸೀಟಿನ ಮೇಲೆ ಇಟ್ಟು ಹೋದರು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಅರಗಲಿಲ್ಲ. ನಮ್ಮ ಬೀದಿಯಲ್ಲಿ ಎದುರುಮನೆಯವರ ಕಾರಿನಲ್ಲಿ ಒಮ್ಮೆಯೂ ಕೂತವನಲ್ಲ ನಾನು. ಅವರು ಕರೆದಿರಲಿಲ್ಲ, ನಾನೂ ಕೇಳಿರಲಿಲ್ಲ, ಅದನ್ನೇ ನಾವಿಬ್ಬರೂ ಮರ್ಯಾದೆ ಎಂದುಕೊಂಡಿದ್ದೆವು. ದನ ಮತ್ತು ಕುರಿಗಳ ಔಷಧ ಮಾರುವ ಏಜೆನ್ಸಿಯೊಂದು ಸಿಕ್ಕಿದ್ದರಿಂದ, ತೊಂಬತ್ತರ ದಶಕದ ಕೊನೆಯಲ್ಲಿ, ಹೆಂಡತಿ ಸುಧಾಳನ್ನು ಕರೆದುಕೊಂಡು ಈ ಸೀಮೆಗೆ ಬಂದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಪೇಟೆಗಳನ್ನು ಸುತ್ತುವುದೇ ಕೆಲಸ. ಅದಕ್ಕಾಗಿ ಕೊಂಡ ಹಳೆಯ ಕಾರು ಅದು.

ಮನೆ ಸಿಕ್ಕಿದ್ದು ಕೊಟ್ರಬಸಪ್ಪನವರದು. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಹಣೆತುಂಬ ವಿಭೂತಿ, ಮಾತು ಕಡಿಮೆ. ಮೈಸೂರಿನ ಮನೆ ಮಾಲೀಕರಾಗಿದ್ದರೆ ಎಷ್ಟು ಜನ, ನೀರು ಎಷ್ಟು ಬೇಕು ಎಂದು ಕೇಳುತ್ತಿದ್ದರು. ಇವರು ಮೊದಲು ಕೇಳಿದ್ದು ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು. ನಾನು ಹೊಂಗೆ ಮರದ ನೆರಳು ತೋರಿಸಿದೆ. ಅವರು ತಲೆಯಾಡಿಸಿದರು.

"ನೆಳ್ಳು ನೋಡಬ್ಯಾಡ್ರಿ, ಇಳಕಲ ನೋಡ್ರಿ. ಹಳೀ ಗಾಡಿ. ಮುಂಜಾನಿ ಸೆಲ್ಫ್ ಹಿಡೀಲಿಲ್ಲಂದ್ರ ಯಾರನ್ನ ಕರೀತೀರಿ? ಮೂತಿ ಇಳಕಲಿಗಿಟ್ಟು, ಗಾಲಿಗೆ ಒಂದು ಕಲ್ಲು ಕೊಟ್ಟು, ಗೇರಿನಾಗ ಬಿಡ್ರಿ."

ಇಳಕಲು ಎಂದರೆ ಇಳಿಜಾರು. ಇಲ್ಲಿ ಜೀಪು, ಟ್ರ್ಯಾಕ್ಟರು ಇಟ್ಟವರೆಲ್ಲ ಸಂಜೆ ಇಳಕಲು ಹುಡುಕಿ ನಿಲ್ಲಿಸುತ್ತಾರೆ. ಕಲ್ಲು ತೆಗೆದು ಬ್ರೇಕು ಬಿಟ್ಟರೆ ಗಾಡಿ ತಾನೇ ಉರುಳುತ್ತದೆ. ಉರುಳುವಾಗ ಎರಡನೆ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಎಂಜಿನ್ ಹಿಡಿಯುತ್ತದೆ. ನಾನು ಕಲಿತೆ. ಆದರೆ ಮೈಸೂರಿನ ಕಣ್ಣು ನೆರಳನ್ನೇ ಹುಡುಕುತ್ತಿತ್ತು.

ಉಳಿದದ್ದನ್ನೂ ಹಾಗೆಯೇ ಅರ್ಧಂಬರ್ಧ ಕಲಿತೆ. ನಾವು ಕಡ್ಲೆಪುರಿ ಎನ್ನುವುದು ಇಲ್ಲಿ ಮಂಡಕ್ಕಿ. ಅದಕ್ಕೆ ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿಯ ಜೊತೆ ಬೆಳಿಗ್ಗೆಯೇ ತಿನ್ನುತ್ತಾರೆ. ಮೊದಲ ತಿಂಗಳು ಹೊಟ್ಟೆ ಮುಷ್ಕರ ಹೂಡಿತು, ಆಮೇಲೆ ಅದಿಲ್ಲದೆ ಬೆಳಗಾಗದು ಎನಿಸಿತು. ಸುಧಾ ರೊಟ್ಟಿ ಬಡಿಯುವುದನ್ನು ಕೊಟ್ರಬಸಪ್ಪನವರ ಮನೆಯವರಿಂದ ಕಲಿತಳು, ಅವರ ಅಡುಗೆಮನೆಯಲ್ಲೇ ಅರ್ಧ ದಿನ ಕಳೆಯತೊಡಗಿದಳು. ನನಗೆ ಅಂಥ ಅಡುಗೆಮನೆ ಸಿಗಲಿಲ್ಲ. ಸಂಜೆಯಾದರೆ ಯಾರೊಡನೆ ಮಾತಾಡುವುದು ಎಂದು ತೋಚದೆ, ಎಸ್‌ಟಿಡಿ ಬೂತಿಗೆ ಹೋಗಿ ಅಣ್ಣನಿಗೆ ಫೋನ್ ಮಾಡಿ ಮೈಸೂರಿನಲ್ಲಿ ಮಳೆ ಬಂತಾ ಎಂದು ಕೇಳುತ್ತಿದ್ದೆ.

ಜಾಗ ಕೇಳುವವರು ಮಾತ್ರ ದಿನವೂ ಸಿಗುತ್ತಿದ್ದರು. ಹಳ್ಳಿಗೆ ಬಸ್ಸು ಕಡಿಮೆ, ಇದ್ದದ್ದೂ ಹೇಳಿದ ಹೊತ್ತಿಗೆ ಬಾರದು. ಖಾಲಿ ಸೀಟಿನ ಕಾರು ಹೋಗುವುದನ್ನು ಕಂಡರೆ ಕೈ ಅಡ್ಡ ಹಾಕುವುದು ಇಲ್ಲಿ ತಪ್ಪಲ್ಲ, ನಿಲ್ಲಿಸದೆ ಹೋಗುವುದೇ ತಪ್ಪು. ಹೊಳಲಿನಿಂದ ಬರುವಾಗ ಒಬ್ಬರು ಹುಂಜ ತಂದರು. ಮಾಗಳದ ದಾರಿಯಲ್ಲಿ ಒಬ್ಬಾಕೆ ಸೀಟಿನ ಮೇಲೆಲ್ಲ ವಾಂತಿ ಮಾಡಿಕೊಂಡರು. ಕುರಿಮರಿ ಡಿಕ್ಕಿಯಲ್ಲಿ ಬಂತು. ನನಗೆ ಸಾಕಾಯಿತು. ಇಲ್ಲ ಎನ್ನುವ ಧೈರ್ಯವಿಲ್ಲದವನಿಗೆ ಬುದ್ಧಿ ಅಡ್ಡದಾರಿಯಲ್ಲಿ ಓಡುತ್ತದೆ. ಗೋದಾಮಿನಲ್ಲಿ ಜಂತಿನ ಔಷಧದ ಖಾಲಿ ರಟ್ಟಿನ ಪೆಟ್ಟಿಗೆಗಳು ಬಿದ್ದಿದ್ದವು. ಅವುಗಳ ಬಾಯಿಗೆ ಹೊಸದಾಗಿ ಟೇಪು ಅಂಟಿಸಿ ಹಿಂದಿನ ಸೀಟಿನಲ್ಲಿ ಚಾವಣಿಯವರೆಗೆ ಪೇರಿಸಿದೆ. ಮುಂದಿನ ಸೀಟಿನಲ್ಲೂ ಎರಡು. ನಿಜವಾದ ಔಷಧ ಡಿಕ್ಕಿಯಲ್ಲಿರುತ್ತಿತ್ತು.

"ಪಾಪ ಕಣ್ರೀ" ಎಂದಳು ಸುಧಾ. ನಾನು ಬೀಗುತ್ತಿದ್ದೆ. ಯಾರಾದರೂ ಕೈ ಅಡ್ಡ ಹಾಕಿದರೆ ಧಾರಾಳವಾಗಿ ನಿಲ್ಲಿಸಿ, ಪೆಟ್ಟಿಗೆಗಳ ಕಡೆ ಕೈ ತೋರಿಸಿ, "ಲೋಡ್ ಇದೆಯಲ್ಲ" ಎಂದು ಬೇಸರದ ಮುಖ ಮಾಡುತ್ತಿದ್ದೆ. ಅವರೇ ನನ್ನನ್ನು ಸಮಾಧಾನ ಮಾಡಿ ಕಳಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಗೆ ಹೋಗಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ ನಿಲ್ಲುವ ಜಾಗದಲ್ಲಿ ಬೇವಿನ ಮರದ ದಟ್ಟ ನೆರಳು ಕಂಡಿತು. ನೆಲ ಸಮತಟ್ಟು, ಮೇಲೆ ಮೆತ್ತನೆಯ ಮಣ್ಣು. ಅಲ್ಲೇ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಸರಕನ್ನೆಲ್ಲ ಅಂಗಡಿಗೆ ಕೊಟ್ಟು ಬಂದೆ. ಮರದ ಕಟ್ಟೆಯ ಮೇಲೆ ಐದಾರು ಜನರಿದ್ದರು, ಒಂದು ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಕ್ಕದ ಚಹಾ ಅಂಗಡಿಯ ಬಸಣ್ಣ ನನ್ನನ್ನು ಕಂಡು ಎದ್ದು ಬಂದ.

"ಸರ, ಈಕಿ ಮೈಲವ್ವ ಅಂತ, ಕುರಿ ಕಾಯೋರ ಮನಿಯಾಕಿ. ಮಗಳನ್ನ ಹರಪನಹಳ್ಳಿ ದವಾಖಾನಿಗೆ ಸೇರಿಸ್ಯಾರ. ಚೊಚ್ಚಲ ಹೆರಿಗಿ, ಭಾಳ ತ್ರಾಸ ಆಗೇತಂತ ಫೋನ್ ಬಂತು. ಬಸ್ಸು ಇನ್ನೂ ಬಂದಿಲ್ಲ. ಒಂಚೂರು ಕುಂದ್ರಿಸ್ಕಂಡು ಹೋಗ್ರಿ."

ನಾನು ಹೊರಟಿದ್ದೂ ಹರಪನಹಳ್ಳಿ ಮೇಲೆಯೇ. ಒಂದು ಕ್ಷಣ ಬಾಯಿ ತೆರೆದೆ. ಆದರೆ ಆಕೆಯನ್ನು ಕೂರಿಸಬೇಕಾದರೆ ಮುಂದಿನ ಸೀಟಿನ ಪೆಟ್ಟಿಗೆ ಎತ್ತಬೇಕು. ಎತ್ತಿದರೆ ಅದು ಹತ್ತಿಯ ಹಾಗೆ ಮೇಲೆ ಬರುತ್ತದೆ, ಕಟ್ಟೆಯ ಮೇಲಿದ್ದವರೆಲ್ಲ ನೋಡುತ್ತಾರೆ. ನನ್ನ ಮಾನಕ್ಕೂ ಆಕೆಯ ಮಗಳಿಗೂ ನಡುವೆ ನಾನು ನನ್ನ ಮಾನವನ್ನೇ ಆರಿಸಿಕೊಂಡೆ.

"ಲೋಡ್ ಇದೆಯಲ್ಲ ಬಸಣ್ಣ. ಬಸ್ಸು ಈಗ ಬಂದೇ ಬರುತ್ತೆ ಬಿಡಿ" ಎಂದೆ.

ಮೈಲವ್ವ ಕಾರಿನೊಳಗೆ ಒಮ್ಮೆ ಬಗ್ಗಿ ನೋಡಿದರು. "ಹೌದಪ, ತುಂಬೇತಿ. ಹೋಗಿ ಬಾ" ಎಂದು ಮತ್ತೆ ಕಟ್ಟೆಗೆ ಹೋಗಿ ಕೂತರು.

ನಾನು ಕೀ ತಿರುಗಿಸಿದೆ. ಟಕ್ ಎಂದಿತು. ಮತ್ತೆ ತಿರುಗಿಸಿದೆ, ಮತ್ತೆ ಬರೀ ಟಕ್. ಕೇಳುವ ಮೊದಲೇ ಜನ ಎದ್ದು ಬಂದರು.

"ನ್ಯೂಟ್ರಲ್ ಮಾಡ್ರಿ ಸರ. ದಬ್ರಲೇ ಎಲ್ಲಾರೂ."

ದಬ್ಬುವುದು ಎಂದರೆ ನಮ್ಮ ಕಡೆ ಕತ್ತು ಹಿಡಿದು ಹೊರಗೆ ಹಾಕುವುದು. ಇಲ್ಲಿ ಗಾಡಿ ತಳ್ಳುವುದಕ್ಕೂ ಅದೇ ಮಾತು. ಅವರು ಹೆಗಲು ಕೊಟ್ಟು ದಬ್ಬಿದರು. ಗಾಲಿ ಮಣ್ಣಿನಲ್ಲಿ ಕೂತಿತ್ತು, ಅಲುಗಲಿಲ್ಲ.

"ಇಷ್ಟು ಲೋಡ್ ಇಟ್ಕಂಡು ಎಲ್ಲಿ ಬರತೈತಿ? ಮೊದಲು ಲೋಡ್ ಇಳಸ್ರಿ" ಎಂದ ಬಸಣ್ಣ.

"ಬೇಡ ಬೇಡ, ಹಾಗೇ ತಳ್ಳಿ, ಬರುತ್ತೆ" ಎಂದೆ. "ಗಾಜಿನ ಬಾಟಲಿ ಇದೆ" ಎಂದೆ. "ನಾನು ಮೆಕ್ಯಾನಿಕ್ ಕರೆಸ್ತೀನಿ" ಎಂದೂ ಹೇಳಿದೆ.

"ಮೆಲ್ಲಕ ಇಳಸ್ತೀವಿ ಬಿಡ್ರಿ ಸರ, ಕುಂದರ್ರಿ ನೀವು" ಎಂದು ಬಸಣ್ಣ ಹಿಂದಿನ ಬಾಗಿಲು ತೆಗೆದ.

ತುಂಬಿದ ಪೆಟ್ಟಿಗೆ ಎತ್ತುವವನು ಹೇಗೆ ಕಾಲೂರುತ್ತಾನೋ ಹಾಗೆ ಕಾಲೂರಿ, ಉಸಿರು ಬಿಗಿಹಿಡಿದು, ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎಳೆದ. ಅದು ಹಾರಿ ಬಂದ ರಭಸಕ್ಕೆ ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದ. ಕನ್ನಡಿಯಲ್ಲಿ ನನಗೂ ಅವನಿಗೂ ಕಣ್ಣು ಸೇರಿತು. ನಗಲಿ, ಬೈಯಲಿ ಎಂದು ಕಾದೆ. ಅವನು ಬೆನ್ನು ಬಗ್ಗಿಸಿ, ಪೆಟ್ಟಿಗೆಯನ್ನು ನಿಧಾನವಾಗಿ ನೆರಳಿನಲ್ಲಿ ಇಟ್ಟ. "ಗಾಜು ಐತಿ, ಹುಷಾರು" ಎಂದು ಉಳಿದವರಿಗೆ ಹೇಳಿದ.

ಉಳಿದವರೂ ಹಾಗೆಯೇ ಮಾಡಿದರು. ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, ಭಾರ ಹೊತ್ತವರ ಹಾಗೆ ನಡೆದು, ಸಾಲಾಗಿ ಜೋಡಿಸಿದರು. ಮೈಲವ್ವನೂ ಗಂಟನ್ನು ಕಟ್ಟೆಯ ಮೇಲಿಟ್ಟು ಎದ್ದು ಬಂದು ಮುಂದಿನ ಸೀಟಿನದೊಂದನ್ನು ಎತ್ತಿದರು. ತಮ್ಮ ಕುರಿಗಳಿಗೆ ಪ್ರತಿ ವರ್ಷ ಇದೇ ಔಷಧ ಕುಡಿಸುವವರು, ತುಂಬಿದ ಪೆಟ್ಟಿಗೆಯ ತೂಕ ಅವರ ಕೈಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರು ನನ್ನ ಮುಖ ನೋಡಲಿಲ್ಲ. ನನಗೆ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಸತ್ತುಹೋಗಬೇಕು ಎನಿಸಿತು.

ಗಾಲಿಯ ಮುಂದಿನ ಮಣ್ಣನ್ನು ಕಾಲಿನಿಂದ ಸರಿಸಿ ಮತ್ತೆ ದಬ್ಬಿದರು. ಕಾರು ಮಣ್ಣಿನಿಂದ ಎದ್ದು ಓಡಿತು, ಎಂಜಿನ್ ಹಿಡಿಯಿತು. ಹೀಗೆ ಹಿಡಿದ ಎಂಜಿನ್ನನ್ನು ಆರಗೊಡಬಾರದು, ನನ್ನ ಕಾರಿನಲ್ಲಂತೂ ಆಕ್ಸಿಲರೇಟರಿನಿಂದ ಕಾಲು ತೆಗೆಯುವಂತೆಯೇ ಇರಲಿಲ್ಲ. ಇಳಿಯಲಾಗದೆ ನಾನು ಸೀಟಿನಲ್ಲೇ ಸಿಕ್ಕಿಬಿದ್ದೆ. ಅವರು ಒಂದೊಂದೇ ಪೆಟ್ಟಿಗೆಯನ್ನು ತಂದು, ಮೊದಲಿನ ಹಾಗೆಯೇ ಚಾವಣಿಯವರೆಗೆ ಪೇರಿಸಿ, ಬೀಳದ ಹಾಗೆ ಒತ್ತಿ ಇಟ್ಟರು. ಕೊನೆಯದನ್ನು ಮೈಲವ್ವ ನನ್ನ ಪಕ್ಕದ ಸೀಟಿನಲ್ಲಿಟ್ಟರು. ಅಮ್ಮಾ, ಅದನ್ನು ಎಸೆದು ನೀವು ಕೂತುಕೊಳ್ಳಿ ಎನ್ನಬೇಕಿತ್ತು.

"ಹೋಗಪ, ಗಾಡಿ ಆರಿಗೀರೀತು" ಎಂದು ಅವರೇ ಬಾಗಿಲು ಹಾಕಿದರು.

ಹೋದೆ. ಊರು ದಾಟಿ, ಹೊಲಗಳು ದಾಟಿ, ರಸ್ತೆ ಇಳಿಯುವ ಕಡೆ ಇನ್ನು ಮುಂದೆ ಹೋಗಲಾಗಲಿಲ್ಲ. ಕೊಟ್ರಬಸಪ್ಪನವರು ಹೇಳಿದ ಹಾಗೆ ಮೂತಿ ಇಳಕಲಿಗಿಟ್ಟೆ, ಹ್ಯಾಂಡ್ ಬ್ರೇಕ್ ಎಳೆದೆ, ಗಾಲಿಗೆ ಕಲ್ಲು ಕೊಟ್ಟೆ. ಎಂಜಿನ್ ಆರಿತು, ಆರಲಿ ಎಂದುಕೊಂಡೆ. ಪೆಟ್ಟಿಗೆಗಳನ್ನೆಲ್ಲ ಎಳೆದೆಳೆದು ಜಾಲಿ ಗಿಡದ ಬುಡಕ್ಕೆ ಎಸೆದೆ. ಕಲ್ಲು ತೆಗೆದು ಉರುಳಿಸಿಕೊಂಡು ಚಾಲೂ ಮಾಡಿ, ತಿರುಗಿಸಿ ತೆಲಿಗಿಗೆ ಬಂದೆ.

ಬಸ್ಸು ಬಂದಿರಲಿಲ್ಲ. ಮೈಲವ್ವ ಹಾಗೆಯೇ ಕೂತಿದ್ದರು. ಖಾಲಿ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ಹತ್ತಿದರು. ದಾರಿಯಲ್ಲಿ ನಾನೇ ತಡೆಯಲಾರದೆ, "ತಪ್ಪಾಯ್ತಮ್ಮ" ಎಂದೆ.

"ಯಾವೂರಪ ನಿಮ್ದು?"

"ಮೈಸೂರು."

"ದೂರ ಆತು" ಎಂದರು. ಆಮೇಲೆ ಗಂಟನ್ನು ಎದೆಗೊತ್ತಿಕೊಂಡು ರಸ್ತೆಯನ್ನೇ ನೋಡುತ್ತ ಕೂತರು.

ಆಸ್ಪತ್ರೆಯ ಬಾಗಿಲಲ್ಲಿ ಅಳಿಯ ಕಾಯುತ್ತಿದ್ದ. ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. "ಈಗ ಆತು ಅತ್ತಿ. ಅಲ್ಲೀಮಟ ಅವ್ವ ಬಂದಳೇನು, ಅವ್ವ ಬಂದಳೇನು ಅಂತ ಕೇಳ್ತಿದ್ಲು" ಎಂದ. ಆಕೆ ಕೇಳುತ್ತಿದ್ದ ಅಷ್ಟು ಹೊತ್ತೂ ಈ ತಾಯಿ ತೆಲಿಗಿಯಲ್ಲಿ ನನ್ನ ಖಾಲಿ ಪೆಟ್ಟಿಗೆ ಹೊರುತ್ತಿದ್ದರು. ಮೈಲವ್ವ ಅಳಿಯನಿಗೆ ನನ್ನನ್ನು ತೋರಿಸಿ ಹೇಳಿದರು, "ಇವ್ರಿಗೆ ಕೈ ಮುಗಿ. ದೊಡ್ಡ ಮನುಷ್ಯ. ಗಾಡಿ ತುಂಬ ಲೋಡ್ ಇತ್ತು. ಎಲ್ಲಾ ದಾರ್ಯಾಗ ಇಳಿಸಿ ನನ್ನ ಕರಕಂಡು ಬಂದಾನ." ಅಳಿಯ ನನ್ನ ಕಾಲಿಗೆ ಬಗ್ಗಿದ. ನಾನು ತಡೆದೆ, ಆದರೆ ಮಾತನ್ನು ತಡೆಯಲಿಲ್ಲ.

ಆ ಮಾತು ಕುರಿಮಂದೆಯ ಜೊತೆ ತಾಲ್ಲೂಕುಗಳನ್ನೆಲ್ಲ ತಿರುಗಿತು. ಹಡಗಲಿಯ ಅಂಗಡಿಯವರು ಎದ್ದು ಕುರ್ಚಿ ಕೊಟ್ಟರು. ಹಗರಿಬೊಮ್ಮನಹಳ್ಳಿಯಲ್ಲಿ ಗುರುತಿಲ್ಲದವರು ಚಹಾ ಕುಡಿಸಿದರು. ಮಾತು ಕಡಿಮೆಯ ಕೊಟ್ರಬಸಪ್ಪನವರು ಮೊದಲ ಸಲ ತಮ್ಮ ಮನೆಯ ಪಡಸಾಲೆಗೆ ಕರೆದು ಊಟಕ್ಕೆ ಕೂರಿಸಿದರು. ಒಂಟಿತನ ಹೋಯಿತು. ಹೋದ ರೀತಿ ಮಾತ್ರ ನೆನೆಯುವಂಥದ್ದಲ್ಲ.

ಕೆಲವು ವರ್ಷಗಳ ನಂತರ ಅಣ್ಣ ಮೈಸೂರಿಗೆ ಬಂದುಬಿಡು ಎಂದ, ಅಲ್ಲೇ ಏಜೆನ್ಸಿ ಕೊಡಿಸುತ್ತೇನೆ ಎಂದ. ಸುಧಾ ಒಲ್ಲೆ ಎಂದಳು. ನಾನು ಎರಡು ಮನಸ್ಸು ಮಾಡಿದೆ. ಮೈಸೂರಿನಲ್ಲಿ ಯಾರೂ ನನ್ನನ್ನು ಒಳ್ಳೆಯವನು ಎನ್ನುವುದಿಲ್ಲ, ಹಾಗೆ ಎಂದಾಗ ನಾಚಿಕೊಳ್ಳುವ ಕಷ್ಟವೂ ಇಲ್ಲ. ಒಮ್ಮೊಮ್ಮೆ ಅದೇ ಹಾಯೆನಿಸುತ್ತದೆ. ಆದರೂ ಇನ್ನೂ ಇಲ್ಲೇ ಇದ್ದೇನೆ. ಅಂದಿನಿಂದ ಕಾರಿನಲ್ಲಿ ಜಾಗ ಕೇಳಿದವರಿಗೆ ಇಲ್ಲ ಎಂದಿಲ್ಲ. ಅದರಿಂದ ಹೆಸರು ಇನ್ನಷ್ಟು ಬೆಳೆಯಿತೇ ಹೊರತು ನಾಚಿಕೆ ಕಡಿಮೆಯಾಗಲಿಲ್ಲ.

ಮೊನ್ನೆ ತೆಲಿಗಿಯಲ್ಲಿ ಬಸಣ್ಣನ ಅಂಗಡಿಗೆ ಹೋಗಿದ್ದೆ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟರೊಬ್ಬರು ಕೂತಿದ್ದರು. ಬಸಣ್ಣ ಅವರಿಗೆ ನನ್ನ ಪರಿಚಯ ಮಾಡಿಸುತ್ತ ಮೈಲವ್ವನ ಕತೆ ಹೇಳಿದ. ಇವತ್ತಾದರೂ ನಿಜ ಹೇಳಿಬಿಡುತ್ತಾನೆ ಎಂದುಕೊಂಡೆ, ಹೇಳಲಿ ಎಂದೂ ಆಸೆಪಟ್ಟೆ. ಅವನು ಚಹಾ ಸೋಸುತ್ತ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳಿದ, "ಆ ಬಾಕ್ಸ್ ನಾನ ಎತ್ತೀನ್ರಿ. ಭಾಳ ವಜ್ಜಿ, ಕಲ್ಲಿನಂಗ ಭಾರ ಇದ್ವು."

ಮೇಷ್ಟರು ಗೌರವದಿಂದ ನನ್ನ ಕಡೆ ತಿರುಗಿ, "ತಮ್ಮದು ಯಾವೂರು ಸರ್?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಸಣ್ಣ, "ಇಲ್ಲೇ, ನಮ್ಮ ಕೊಟ್ಟೂರು" ಎಂದ.

ನಾನು ಪೆಟ್ಟಿಗೆಯ ಮಾತನ್ನೂ ತಿದ್ದಲಿಲ್ಲ, ಊರಿನ ಮಾತನ್ನೂ ತಿದ್ದಲಿಲ್ಲ.